ಎರಡು ಕಡೆ ಗಾಜು

ಭವಂತಿ ಸ್ಟ್ರೀಟಿನ ನನ್ನ ಅಂಗಡಿಗೆ ಬರುವುದು
ಹೆಚ್ಚಾಗಿ ದೇವರು, ಇಲ್ಲವೇ ತೀರಿಕೊಂಡವರು.
ಯೇಸುವಿನ ಹೃದಯಕ್ಕೆ ಚಿನ್ನದ ಪಟ್ಟಿ,
ವೆಂಕಟರಮಣನಿಗೆ ಕೆಂಪು ವೆಲ್ವೆಟ್,
ಅಜ್ಜಂದಿರಿಗೆ ಕಪ್ಪು, ಒಂದೂವರೆ ಇಂಚು.
ಪ್ರೇಮಕ್ಕೆ ಯಾವ ಪಟ್ಟಿ ಎಂದು
ನಲವತ್ತು ವರ್ಷದಲ್ಲಿ ಯಾರೂ ಕೇಳಿದ್ದಿಲ್ಲ.

ಡೊಂಗರಕೇರಿಯ ವತ್ಸಲಾ ಮಲ್ಯ ಟೀಚರೂ ಕೇಳಲಿಲ್ಲ.
ಬೈರಾಸಿನ ಮಡಿಕೆಯಿಂದ ಆರು ಚಿತ್ರ ತೆಗೆದು
ಇಸ್ಪೀಟು ಹಂಚುವವರ ಹಾಗೆ ಮೇಜಿನ ಮೇಲಿಟ್ಟರು.
ಒಂದೊಂದೂ ಅಂಗೈಯಗಲ.
"ರಾಗಮಾಲೆ" ಅಂದರು. "ಹಾಡುವ ರಾಗವೇ.
ಇವರು ಬಣ್ಣದಲ್ಲಿ ಹಾಡಿದ್ದಾರೆ, ಅಷ್ಟೆ."

ನಾನು ಗಾಜಿನವ. ನನಗೆ ಕಂಡದ್ದು ಇಷ್ಟು:
ಕಿವಿಗೆ ಓಲೆ ಸಿಕ್ಕಿಸುತ್ತಾ ಒಬ್ಬಳು
ಕನ್ನಡಿಯೊಳಗೇ ತಡಮಾಡುತ್ತಿದ್ದಾಳೆ. ಅದು ಬಿಲಾವಲ್.
ಕಾಲ ಬಳಿ ಬಗ್ಗಿದ್ದಾನೆ ಒಬ್ಬ,
ಅವಳ ಮುಖ ಆಚೆ ಕಡೆ. ರಾಮಕಲಿ.
"ನಮ್ಮ ಮನೆಯಲ್ಲಿ ದಿನಾ ಇದೇ ರಾಗ" ಅಂದೆ. ನಕ್ಕರು.
ಹಾವುಗಳನ್ನು ಕರೆದು ಕೂತ ಕಪ್ಪು ಹುಡುಗಿಗೆ
ನನ್ನ ಕೆಲಸದ ದೇಜಪ್ಪ
ಗೋಂದಿನ ಕೈಯಲ್ಲೇ ಕೈಮುಗಿದ.
ಲಲಿತದಲ್ಲಿ ಅವನು ಹೊರಡುತ್ತಿದ್ದಾನೆ,
ಮೂಡಣ ಆಗಷ್ಟೇ ಬೆಳ್ಳಗಾಗಿ.
ಅವಳಿಗೆ ನಿದ್ದೆ. ಎಬ್ಬಿಸುವವರಿಲ್ಲ.

ಧನಾಶ್ರೀಯಲ್ಲಿ ಹಲಗೆ ಹಿಡಿದು ಕೂತವಳು
ದೂರದವನ ಮುಖ ಬರೆಯುತ್ತಿದ್ದಾಳೆ.
ಆ ಮುಖವನ್ನೇ, ಸರಿಯಾಗಿ ಅಷ್ಟನ್ನೇ,
ನಮ್ಮ ಊರಿನ ಬೂಸ್ಟು ತಿಂದಿದೆ.
"ಕೊಡಿಯಾಲಬೈಲಿನಲ್ಲಿ ಒಬ್ಬ ಹುಡುಗ ಇದ್ದಾನೆ,
ಗೊತ್ತಾಗದ ಹಾಗೆ ತಿದ್ದಿಕೊಡ್ತಾನೆ."
"ಬೇಡ" ಅಂದರು. "ಅವಳೇ ಬರೆದು ಮುಗಿಸಲಿ."

ಚೌಕಟ್ಟಿನ ಕಸುಬಿನಲ್ಲಿ ಒಂದು ಪಾಪ ಉಂಟು:
ಬೆನ್ನಿಗೆ ಕಂದು ಕಾಗದ ಅಂಟಿಸುವ ಮೊದಲು
ಕೊನೆಯ ಸಲ ಓದುವವ ನಾನೇ.
ಎಲ್ಲದರ ಹಿಂದೆಯೂ ಪೆನ್ಸಿಲ್,
ಬ್ಯಾಂಕಿನವರ ನೆಟ್ಟಗಿನ ಅಕ್ಷರ,
ರಾಗದ ಹೆಸರು, ಅದರ ಹೊತ್ತು:
'ಬೆಳಿಗ್ಗೆ.' 'ಸೂರ್ಯ ಬರುವ ಮುಂಚೆ.'
ಡಾಕ್ಟರ ಚೀಟಿಯ ಹಾಗೆ. ಸಹಿ ಇಲ್ಲ.

ಆರನೆಯದು ತೋಡಿ.
ಕಾಡಿನಲ್ಲಿ ಒಬ್ಬಳೇ, ಹೆಗಲಿಗೆ ವೀಣೆ.
ಕೇಳುವುದಕ್ಕೆ ಬಂದದ್ದು ಜಿಂಕೆ ಮಾತ್ರ.
ತಿರುಗಿಸಿದರೆ ಮೂರು ಸಾಲು:
'ಇಲ್ಲಿಯವರ ತೋಡಿ ನಿಮ್ಮ ತೋಡಿಯಲ್ಲ.
ಹೆಸರು ಒಂದೇ, ಸ್ವರ ಬೇರೆ.
ಮಳೆ ಬಿಟ್ಟ ಮೇಲೆ ಬಂದು ಹಾಡಿ ತೋರಿಸುತ್ತೇನೆ.'
ಜೈಪುರ, ೧೯೮೧.

ಸಂಗೀತ ನನಗೆ ತಿಳಿಯದು, ಇದು ತಿಳಿಯಿತು.
ಟೀಚರದ್ದೂ ಕೊಂಕಣಿ, ನನ್ನದೂ ಕೊಂಕಣಿ.
ಅವರದ್ದು ದೇವಸ್ಥಾನದ ಬೀದಿಯದ್ದು, ನನ್ನದು ಇಗರ್ಜಿಯದ್ದು,
ಅದಕ್ಕೇ ನಮ್ಮ ವ್ಯಾಪಾರ ಕನ್ನಡದಲ್ಲಿ.

ಎಷ್ಟು ಮಳೆ ಬಿಟ್ಟಿತೆಂದು ನಾನು ಎಣಿಸಲಿಲ್ಲ.
ಕಂದು ಕಾಗದದ ಸುರುಳಿಗೆ ಕೈ ಹಾಕಿದೆ.

"ಇದೊಂದಕ್ಕೆ ಎರಡು ಕಡೆಯೂ ಗಾಜು ಹಾಕಿ."
"ಗೋಡೆಗೆ ಹಾಗೆ ಯಾರೂ ಹಾಕುವುದಿಲ್ಲ ಟೀಚರ್."
"ಗೋಡೆಗಲ್ಲ. ಪಡು ದಿಕ್ಕಿನ ಕಿಟಕಿಗೆ."
"ಸಂಜೆ ಬಿಸಿಲು ಮಾರಾಯ್ರೇ, ಎರಡು ವರ್ಷದಲ್ಲಿ ಬಣ್ಣ ಹೋಗ್ತದೆ."
"ಪೆನ್ಸಿಲ್?"
"ಅದು ಹೋಗುವುದಿಲ್ಲ."
"ಮತ್ತೆಂತ?" ಅಂದರು,
ಕೊಡೆಯನ್ನು ಕುರ್ಚಿಗೆ ಒರಗಿಸಿ ಕೂತರು.

ಗಾಜಿನ ಮೇಲೆ ವಜ್ರದ ಮೊನೆ ಎಳೆದೆ.
ಹಲ್ಲು ಜುಮ್ಮೆನ್ನುವ ಆ ಸದ್ದಿಗೆ
ಗಿರಾಕಿಗಳು ಕಿವಿ ಮುಚ್ಚುತ್ತಾರೆ.
ಇವರು ತಲೆ ಎತ್ತಿದರು,
ಯಾರೋ ಕರೆದ ಹಾಗೆ.
"ಗಾಂಧಾರ" ಅಂದರು.
"ಯಾವ ತೋಡಿಯದ್ದು?"
"ಇದು ಎರಡಕ್ಕೂ ಸೇರ್ತದೆ."

ಹೊರಗೆ ಅಕ್ಕಿ ಲಾರಿ, ಹಾರ್ನು, ಹಮಾಲರು.
ಎರಡನೆಯ ತುಂಡು ಕೊಯ್ಯುವಾಗ
ಕೈ ಸ್ವಲ್ಪ ನಿಧಾನ ಮಾಡಿದೆ.